ಗೆಳತಿಯನ್ನು ಗೊತ್ತು ಮಾಡಿದ ದೊಡ್ಡಮ್ಮ

ನನಗೆ ಮದುವೆಯಾಗಿ, ಮಗುವೂ ಆದ ಮೇಲೆ, ನನ್ನ ಗಂಡನ ದೊಡ್ಡಮ್ಮ ನನ್ನನ್ನು ರೇಷ್ಮೆ ಸೀರೆ ಉಡಿಸಿ ಕರೆದುಕೊಂಡು ಹೋಗಿ ಊರಿನ ಮನೆಗಳಲ್ಲಿ ‘ತೋರಿಸಿ’ ಬಂದರು. ಅದರಲ್ಲಿ ಒಂದು ಮನೆಯವರು ನನ್ನನ್ನು ಬೇಡ ಅಂದರು ಕೂಡ!

ಗಾಬರಿಯಾಗಬೇಡಿ. ನನ್ನ ಗಂಡ ಆಗಲೂ ಇದ್ದರು, ಈಗಲೂ ಇದ್ದಾರೆ. ದೊಡ್ಡಮ್ಮ ಹುಡುಕುತ್ತಿದ್ದದ್ದು ನನಗೊಬ್ಬ ಗೆಳತಿಯನ್ನು.

ಮುಂದೆ ಹೋಗುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು, ಆಧಾರವಿಲ್ಲದೆ ಬಾಯಿ ತೆರೆಯಬಾರದೆಂದು ಮೇಷ್ಟ್ರುಗಳು ಕಲಿಸಿದ್ದರು. ಆಧಾರವಾಗಿ ನನ್ನ ದಿನಚರಿಯೇನೋ ಇದೆ. ಆದರೆ ಆ ವರ್ಷದ್ದನ್ನು ತೆಗೆದರೆ ‘ಎದ್ದ, ಕುಡಿದ, ನಿದ್ದೆಯಿಲ್ಲ’ ಎಂಬುದೇ ಪುಟದ ಮೇಲೆ ಪುಟ. ಎದ್ದದ್ದು, ಕುಡಿದದ್ದು ಮಗ ಎಂದು ಗೊತ್ತಾಗುತ್ತದೆ. ನಿದ್ದೆಯಿಲ್ಲದ್ದು ಯಾರಿಗೆ? ಬರೆದವಳಿಗೇ ಇರಬೇಕು. ಅಂಥವಳ ಸಾಕ್ಷ್ಯವನ್ನು ಯಾವ ನ್ಯಾಯಾಲಯ ನಂಬೀತು? ಇಸವಿ 2008 ಇರಬೇಕು, ಒಂಬತ್ತೂ ಇರಬಹುದು. ಉಟ್ಟ ಸೀರೆ ಹಸಿರು ಎಂದು ನನ್ನ ನೆನಪು. ದೊಡ್ಡಮ್ಮ ‘ನೇರಳೆ’ ಎನ್ನುತ್ತಾರೆ. ಸೀರೆಗಳ ವಿಷಯದಲ್ಲಿ ಅವರ ಮಾತೇ ಕೊನೆಯದು.

ದೊಡ್ಡಮ್ಮನ ನೆನಪಿನ ಬಗ್ಗೆ ಹೇಳಲೇಬೇಕು. ಕೇರಳದ ಗಡಿಯೊಳಗಿನ ನಮ್ಮೂರು ಉಪ್ಪಳದಿಂದ ಪೈವಳಿಕೆಯವರೆಗೆ ಯಾವ ಮನೆಯಲ್ಲಿ ಯಾರು, ಯಾವ ನಕ್ಷತ್ರ, ಎಷ್ಟು ಓದು, ಎಷ್ಟು ಸಿಟ್ಟು, ಎಲ್ಲವೂ ಅವರ ತಲೆಯಲ್ಲಿ! ಅವರಿಗೆ ಸಂಬಂಧ ಕೂಡಿಸುವ ಹುಚ್ಚು. ಕಾಸು ಮುಟ್ಟುವವರಲ್ಲ, ಸುಮ್ಮನೆ ಸಂತೋಷಕ್ಕೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಇಳಿಯುವಷ್ಟರಲ್ಲಿ ಅವರ ಮೈದುನನಿಗೆ ಒಂದು ಹುಡುಗಿಯನ್ನು ಸೂಚಿಸಿಯಾಗಿರುತ್ತದೆ. ಅಂಗಡಿಯಲ್ಲಿ ತೊಂಡೆಕಾಯಿ ಆರಿಸುವಾಗಲೂ ಒಂದಕ್ಕೊಂದು ಹೊಂದುವಂಥದ್ದನ್ನೇ ಹುಡುಕುವವರು. ನಾನು ದಿನಚರಿ ಬರೆಯುವುದನ್ನು ಮೊದಲ ಸಲ ಕಂಡಾಗ ಅವರಿಗೆ ನಗುವೋ ನಗು. “ಬರೆದಿಡ್ಲಿಕ್ಕೆ ಎಂತ ಉಂಟು ಅದರಲ್ಲಿ? ನೆನಪಿಟ್ಟುಕೊಂಡ್ರೆ ಆಯ್ತಲ್ಲ, ಮಾರಾಯ್ತಿ!”

ನನ್ನ ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅತ್ತೆಯ ಅಕ್ಕನಾದ ಈ ದೊಡ್ಡಮ್ಮನೇ ನಮಗೆ ಹಿರಿಯರು. ಮಗಳು ಮದುವೆಯಾಗಿ ಪುತ್ತೂರಿನಲ್ಲಿದ್ದಳು, ಗಂಡ ತೀರಿಹೋಗಿದ್ದರು, ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಮೈಸೂರಿನ ತವರಿನಲ್ಲಿ ಬಾಣಂತನ ಮುಗಿಸಿ ನಾನು ಉಪ್ಪಳಕ್ಕೆ ಬಂದಾಗ ಮಗನಿಗೆ ನಾಲ್ಕನೆಯ ತಿಂಗಳು. ಗಂಡ ಬೆಳಗಿನ ರೈಲಿಗೆ ಮಂಗಳೂರಿನ ಕಚೇರಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಸುತ್ತಮುತ್ತ ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಅಷ್ಟರಲ್ಲಿ ನನ್ನದು ಮೈಸೂರಿನ ಕನ್ನಡ. “ಏನು ರೇಟು?” ಎಂದು ಕೇಳಿದರೆ ಮೀನಿನವಳಿಗೂ ನಗು ಬರುತ್ತಿತ್ತು. ನಾವು ಮೀನು ತಿನ್ನುವವರಲ್ಲ ಎಂದು ಗೊತ್ತಾದ ಮೇಲಂತೂ ಇನ್ನೂ ನಗು. ತಿನ್ನದ ಮೀನಿಗೆ ರೇಟು ಯಾಕೆ ಕೇಳಿದೆ ಅನ್ನುತ್ತೀರಾ? ಯಾರಾದರೂ ಗೇಟಿನ ಹತ್ತಿರ ಎರಡು ನಿಮಿಷ ನಿಲ್ಲಲಿ ಅಂತ!

ಹಳೆಯ ಗೆಳತಿಯರಿಗೆ ಫೋನು ಮಾಡಿದರೆ, ಅವರು ‘ಹಲೋ’ ಅನ್ನುವುದಕ್ಕೂ ಮಗ ಕಿರುಚುವುದಕ್ಕೂ ಸರಿ. “ಆಮೇಲೆ ಮಾಡ್ತೀನಿ ಕಣೇ” ಎಂದು ಇಡುತ್ತಿದ್ದೆ. ಆ ‘ಆಮೇಲೆ’ ಎಂದೂ ಬರಲಿಲ್ಲ.

ಹೀಗಿರುವಾಗ ನನಗೊಬ್ಬ ಮಾತುಗಾರ ಸಿಕ್ಕಿದ. ಲಾಟರಿ ಗಾಡಿಯ ಮೈಕು!

ಕೇರಳದಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಟರಿ ಮಾರುವ ಗಾಡಿ ಮೈಕು ಕಟ್ಟಿಕೊಂಡು ದಿನಾ ಮನೆ ಮುಂದಿನಿಂದ “ನಾಳೆಯಾಣ್, ನಾಳೆಯಾಣ್” ಎಂದು ಕೂಗುತ್ತ ಹೋಗುತ್ತದೆ. ಡ್ರಾ ನಾಳೆ, ಬೇಗ ತೆಗೆದುಕೊಳ್ಳಿ ಎಂದು. ಒಂದು ಮಧ್ಯಾಹ್ನ ಅಳುವ ಮಗನನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಲ್ಲಿ ನಿಂತವಳು, ಯಾವ ಗಳಿಗೆಯಲ್ಲೋ, ಆ ಮೈಕಿಗೆ ಉತ್ತರ ಕೊಟ್ಟೆ. “ನಾಳೆ ಕತೆ ಇರಲಿ ಬಿಡಪ್ಪ, ಇವತ್ತೇ ಮುಗೀತಿಲ್ಲ.” ಎಷ್ಟು ಹಗುರವಾಯಿತು ಗೊತ್ತೇ! ಮರುದಿನ ಗಾಡಿ ಬರುವ ಹೊತ್ತಿಗೆ ಕಿಟಕಿಯಲ್ಲಿ ಕಾದು ನಿಂತೆ. ಮಗನಿಗೆ ಹೊಟ್ಟೆನೋವಾದದ್ದು, ನನ್ನ ಕೂದಲು ಉದುರುವುದು, ಓದಬೇಕೆಂದು ತಂದಿಟ್ಟ ಪುಸ್ತಕಕ್ಕೆ ಗೆದ್ದಲು ಹಿಡಿದದ್ದು, ಒಂದೊಂದೇ ವಾಕ್ಯವಾಗಿ ಹೇಳುತ್ತ ಬಂದೆ. ಅದು “ನಾಳೆ” ಎನ್ನುತ್ತಿತ್ತು. ಅದಕ್ಕಿಂತ ಸಮಾಧಾನದ ಮಾತು ಇನ್ನೇನು ಬೇಕು?

ಒಂದು ದಿನ ರೈಲ್ವೆ ಗೇಟು ಹಾಕಿ ಗಾಡಿ ನಮ್ಮ ಮನೆಯೆದುರೇ ನಿಂತುಬಿಟ್ಟಿತು. ಅಂದು ನಾನು ಧಾರಾಳವಾಗಿ ಹೇಳಿಕೊಂಡೆ. ಹೇಳುತ್ತ ಹೇಳುತ್ತ ಅತ್ತೆನೋ ಏನೋ. ಗೇಟು ತೆಗೆದು, ಗಾಡಿ ಹೋಗಿ, ನಾನು ಮೂಗು ಒರೆಸಿಕೊಂಡು ತಿರುಗಿದರೆ, ಹಿಂದೆ ದೊಡ್ಡಮ್ಮ! ಕೈಯಲ್ಲಿ ಪತ್ರೊಡೆಯ ಪಾತ್ರೆ.

“ಯಾರ ಹತ್ತಿರ ಮಾತಾಡಿದ್ದು?”

“ಮಗು ಹತ್ತಿರ.”

“ಮಗು ನಿದ್ದೆ ಮಾಡಿದೆ.”

ಹೌದು, ಮಗ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದ. ನಾನು ಕಾದೆ, ಈಗ ನಗುತ್ತಾರೆ ಎಂದು. ಬಾಳೆಹಣ್ಣಿನ ಸಿಪ್ಪೆ ತುಳಿದು ಸ್ವಂತ ತಮ್ಮ ಬಿದ್ದರೂ ಮೊದಲು ನಕ್ಕು ಆಮೇಲೆ ಎತ್ತಲು ಹೋಗುವ ಹೆಂಗಸು ಅವರು. ಸಂಜೆಗೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂದುಕೊಂಡೆ. ಮೈಸೂರಿನ ಸೊಸೆ ಲಾಟರಿ ಗಾಡಿಯ ಹತ್ತಿರ ಕಷ್ಟಸುಖ ಮಾತಾಡುತ್ತಾಳಂತೆ!

ಅವರು ನಗಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. “ನಾಳೆ ಬೆಳಿಗ್ಗೆ ತಯಾರಾಗಿರು. ಒಳ್ಳೆ ಸೀರೆ ಉಡು. ಒಂದು ಕಡೆ ಹೋಗ್ಲಿಕ್ಕುಂಟು” ಎಂದು ಹೇಳಿ ಹೊರಟುಹೋದರು. ಆ ಸುದ್ದಿ ಅವರ ಬಾಯಿಂದ ಯಾರಿಗೂ ತಲುಪಲಿಲ್ಲ. ನನ್ನ ಗಂಡನಿಗೂ ಕೂಡ.

ಮರುದಿನ ರಿಕ್ಷಾದಲ್ಲಿ ಕೂತ ಮೇಲೆ ನನಗೆ ವಿಷಯ ಗೊತ್ತಾದದ್ದು.

“ಮನೆಯವರು ಒಳ್ಳೆಯವರು. ಹುಡುಗಿ ಬಿ.ಕಾಂ. ಐದು ತಿಂಗಳ ಮಗು ಉಂಟು. ಜಾಸ್ತಿ ಮಾತಿಲ್ಲ, ತಗ್ಗಿ ಬಗ್ಗಿ ನಡೆಯುವವಳು. ನಿಂಗೆ ಹೊಂದ್ತದೆ ಅಂತ ನಂಗೆ ಕಾಣ್ತದೆ.”

“ಯಾವುದಕ್ಕೆ ದೊಡ್ಡಮ್ಮ?”

“ಯಾವುದಕ್ಕೆ ಅಂದ್ರೆ? ಮಾತಾಡ್ಲಿಕ್ಕೆ!”

ಅದು ನಿವೃತ್ತ ಮಾಸ್ತರರೊಬ್ಬರ ಮನೆ. ನನ್ನನ್ನು ಸೋಫಾದ ಮಧ್ಯದಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗಿ ಸಜ್ಜಿಗೆ ಅವಲಕ್ಕಿಯ ತಟ್ಟೆ ಹಿಡಿದುಕೊಂಡು, ತಲೆ ತಗ್ಗಿಸಿ ಬಂದಳು. ಹಿಂದಿನಿಂದ ಅವಳ ಮಗುವನ್ನು ಎತ್ತಿಕೊಂಡು ಅವಳ ಅತ್ತೆ. ನನಗೆ ಅಯ್ಯೋ ಅನ್ನಿಸಿತು. ನನ್ನದೇ ಮದುವೆಗೆ ಮುಂಚೆ ನಾನೂ ಹೀಗೆಯೇ ತಟ್ಟೆ ಹಿಡಿದು ಬಂದಿದ್ದೆ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಪ್ರಶ್ನೆಗೆ ತೊಡಗಿದರು.

“ಏಳುವುದು ಎಷ್ಟು ಗಂಟೆಗೆ?”

“ಮಗು ಎದ್ದಾಗ” ಎಂದಳು ಹುಡುಗಿ.

“ಸಿಟ್ಟು ಉಂಟಾ?”

ಹುಡುಗಿ ಅತ್ತೆಯ ಮುಖ ನೋಡಿದಳು. “ಇಲ್ಲ” ಎಂದರು ಅತ್ತೆ.

“ನಮ್ಮವಳಿಗೆ ಸ್ವಲ್ಪ ಉಂಟು” ಎಂದು ದೊಡ್ಡಮ್ಮ ನನ್ನನ್ನು ತೋರಿಸಿ ಪ್ರಾಮಾಣಿಕವಾಗಿ ಹೇಳಿದರು. “ಮುಚ್ಚಿಟ್ಟು ಆಮೇಲೆ ಮಾತು ಬರ್ಬಾರ್ದು, ನೋಡಿ. ಮತ್ತೆ ಪುಸ್ತಕ ಓದುವ ಅಭ್ಯಾಸ ಉಂಟು. ಬೇರೆ ಎಂತದೂ ಇಲ್ಲ.”

ಆಮೇಲೆ, ನಿರೀಕ್ಷಿಸಿದಂತೆಯೇ, “ಅವರಿಬ್ಬರು ಹೊರಗೆ ಹೋಗಿ ಒಂದೆರಡು ಮಾತಾಡ್ಲಿ. ನಾವು ಹಿರಿಯರು ಕೂತ್ರೆ ಅವರಿಗೆ ನಾಚಿಕೆ” ಎಂದು ನಮ್ಮನ್ನು ಅಂಗಳಕ್ಕೆ ಕಳುಹಿಸಿದರು. ನಾವಿಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತೆವು. ಅವಳು ಬಾವಿಯನ್ನು ನೋಡಿದಳು. ನಾನೂ ನೋಡಿದೆ. ಅದರಲ್ಲಿ ನೀರು ಚೆನ್ನಾಗಿತ್ತು.

“ನಿಮ್ಮ ಮಗು ನಿದ್ದೆ ಮಾಡುತ್ತಾ?” ಎಂದು ಕೇಳಿದೆ.

“ಮಾಡ್ತದೆ. ಇಡೀ ರಾತ್ರಿ.”

ಅಲ್ಲಿಗೆ ನನಗೂ ಅವಳಿಗೂ ಮಾತಾಡಲು ಏನೂ ಉಳಿಯಲಿಲ್ಲ!

ಹೊರಡುವಾಗ ದೊಡ್ಡಮ್ಮ “ಮನೆಗೆ ಹೋಗಿ ತಿಳಿಸ್ತೇವೆ” ಎಂದರು. ತಿಳಿಸುವ ಅಗತ್ಯ ಬೀಳಲಿಲ್ಲ. ಎರಡು ದಿನದಲ್ಲಿ ಆ ಕಡೆಯಿಂದಲೇ ಉತ್ತರ ಬಂತು: ಹುಡುಗಿ ತುಂಬ ಓದಿದವಳು, ನಮ್ಮವಳಿಗೆ ಆಗಲಿಕ್ಕಿಲ್ಲ. ಮದುವೆಯ ಕಾಲದಲ್ಲಿ ನನ್ನನ್ನು ನೋಡಲು ಬಂದ ಮೊದಲನೆಯವರೇ ಒಪ್ಪಿದ್ದರು. ಈಗ, ಒಂದು ಮಗುವಿನ ತಾಯಿಯಾಗಿ, ಮೊದಲ ಸಲ ನಿರಾಕರಣೆಯ ರುಚಿ ಕಂಡೆ. ಸಂಜೆ ಗಂಡನಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ತಮಾಷೆಯೆಂದು ಹೋಗಿದ್ದೆನಲ್ಲ, ಬೇಡವೆಂದಾಗ ಅಷ್ಟು ನೋವಾದದ್ದು ಯಾಕೆ?

“ಹೋದ್ರೆ ಹೋಗ್ಲಿ. ಅದಕ್ಕಿಂತ ಒಳ್ಳೇದು ಉಂಟು” ಎಂದರು ದೊಡ್ಡಮ್ಮ. ಸಂಬಂಧ ಮುರಿದ ಮನೆಗಳಲ್ಲಿ ಅವರು ಹೇಳುವ ಮಾತೇ ಇದು.

ಆ ‘ಒಳ್ಳೇದು’ ಒಂದು ಕೊಂಕಣಿ ಕ್ರಿಶ್ಚಿಯನ್ ಮನೆ. ಅವಳ ಮಗುವಿಗೂ ನನ್ನ ಮಗನಿಗೂ ವಾರದ ಅಂತರ. ಹೋದ ಸಲದ ಅನುಭವದಿಂದ ದೊಡ್ಡಮ್ಮ ಈ ಬಾರಿ ಮೊದಲೇ ಜೋಯಿಸರ ಹತ್ತಿರ ಹೋಗಿ ಬಂದಿದ್ದರು.

“ಅವರಲ್ಲಿ ನಕ್ಷತ್ರ ಕೇಳುವ ಕ್ರಮ ಇಲ್ಲ, ದೊಡ್ಡಮ್ಮ” ಎಂದೆ.

“ಅವರು ಕೇಳದಿದ್ರೆ ಇಲ್ಲದೆ ಹೋಗ್ತದಾ? ಮಗು ಹುಟ್ಟಿದ ಹೊತ್ತು ಅದರ ಅಜ್ಜಿಯ ಹತ್ತಿರ ಕೇಳಿದೆ. ಜೋಯಿಸರು ಲೆಕ್ಕ ಹಾಕಿದ್ರು. ಒಳ್ಳೆ ಮೇಳಾಮೇಳಿ!”

ಜೋಯಿಸರ ಲೆಕ್ಕ ತಪ್ಪಿರಲಿಲ್ಲ. ಆ ಹುಡುಗಿ ಬಾಗಿಲು ತೆರೆದವಳೇ, ಹೆಗಲ ಮೇಲೆ ಮಗು ಕಕ್ಕಿದ್ದನ್ನು ಒರೆಸಿಕೊಳ್ಳದೆ, “ಬನ್ನಿ ಬನ್ನಿ, ನಿಮ್ಮದು ರಾತ್ರಿ ಎಷ್ಟು ಸಲ ಏಳ್ತದೆ?” ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅಂಥ ಸವಿಯಾದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಕೇಳಿರಲಿಲ್ಲ. ದಿನಾ ಹೋದೆ. ನಾವು ನಮ್ಮ ಮಕ್ಕಳನ್ನು ಬೈದೆವು, ಗಂಡಂದಿರನ್ನು ಬೈದೆವು, ಮಕ್ಕಳು ಅಳುವುದೇ ಇಲ್ಲ ಎನ್ನುವ ತಾಯಂದಿರನ್ನು ಎಲ್ಲಕ್ಕಿಂತ ಹೆಚ್ಚು ಬೈದೆವು. ಲಾಟರಿ ಗಾಡಿ ಬಂದು ಹೋದದ್ದು ಕೂಡ ನನಗೆ ತಿಳಿಯುತ್ತಿರಲಿಲ್ಲ.

ಎರಡನೆಯ ವಾರ ಅವಳಿಗೆ ವೀಸಾ ಬಂತು. ಗಂಡ ದುಬೈಯಲ್ಲಿದ್ದ.

ಹೊರಡುವ ದಿನ ಅವಳು ಮಗುವಿನ ಹಳೆಯ ತೊಟ್ಟಿಲ ಬಟ್ಟೆ, ಒಂದು ಗಿಲಕಿ ನನಗೆ ಕೊಟ್ಟಳು. ನಾನು ನಗುನಗುತ್ತಲೇ ಕಳುಹಿಸಿಕೊಟ್ಟೆ, ಎಂದು ನೆನಪು. ಮನೆಗೆ ಬಂದು ದೊಡ್ಡಮ್ಮನ ಮುಂದೆ ಮಾತ್ರ ಮಗುವಿಗಿಂತ ದೊಡ್ಡದಾಗಿ ಅತ್ತೆ. ದೊಡ್ಡಮ್ಮನಿಗೆ ಪಾಪ, ತಮ್ಮದೇ ಕೈತಪ್ಪು ಎಂಬ ಸಂಕಟ. “ಎಲ್ಲ ನೋಡಿದೆ, ಮಾರಾಯ್ತಿ. ವೀಸಾ ಒಂದು ನೋಡ್ಲಿಲ್ಲ” ಎಂದರು. ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯ ಉಪಾಯಕ್ಕೆ ಅವರು ತಮ್ಮ ವಿಧಾನವನ್ನೇ ಬದಲಾಯಿಸಿದರು. “ಒಂದೊಂದೇ ಮನೆಗೆ ಹೋದ್ರೆ ಯಾವಾಗ ಮುಗಿಯುದು? ಎಲ್ಲ ತಾಯಂದಿರೂ ಒಟ್ಟಿಗೆ ಬರುವಲ್ಲಿಗೆ ಹೋಗುವ.”

ಅದು ಸರಕಾರಿ ಆಸ್ಪತ್ರೆ. ಬುಧವಾರ ಮಕ್ಕಳಿಗೆ ಚುಚ್ಚುಮದ್ದಿನ ದಿನ. ಮೊದಲ ಬುಧವಾರ ಸರಿ, ಮಗನಿಗೆ ಚುಚ್ಚುವುದಿತ್ತು. ಮರುವಾರ ದೊಡ್ಡಮ್ಮ ಪುನಃ ಛತ್ರಿ ಹಿಡಿದು ಹೊರಟು ನಿಂತರು.

ಮಲಯಾಳಿ ನರ್ಸಮ್ಮ ಕಾರ್ಡು ತಿರುಗಿಸಿ ನೋಡಿ, “ಈ ಮಗುವಿಗೆ ಇವತ್ತು ಇಲ್ಲಲ್ಲ ಅಮ್ಮಾ” ಎಂದಳು.

“ಗೊತ್ತುಂಟು.”

“ಮತ್ತೆ ಎಂತಕ್ಕೆ ಬಂದದ್ದು?”

“ಬೆಂಚು ಖಾಲಿ ಉಂಟಲ್ಲ. ಕೂತ್ರೆ ನಿಮಗೆಂತ ನಷ್ಟ?”

ಅದರ ಮುಂದಿನ ವಾರ ನರ್ಸಮ್ಮ ಏನೂ ಕೇಳಲಿಲ್ಲ. ನಮ್ಮನ್ನು ಕಂಡೊಡನೆ ಫ್ಯಾನಿನ ಕೆಳಗಿನ ಬೆಂಚನ್ನು ಕಣ್ಣಲ್ಲೇ ತೋರಿಸಿದಳು. ಅಲ್ಲಿ ಕೂತು ದೊಡ್ಡಮ್ಮ ಬಂದವರನ್ನೆಲ್ಲ ಅಳೆಯುತ್ತಿದ್ದರು. ನಾನು ಒಂದು ಸಲ, ಚೆಂದದ ಫ್ರಾಕು ಹಾಕಿ ಗೊಂಬೆಯಂತೆ ನಗುತ್ತಿದ್ದ ಮಗುವಿನ ತಾಯಿಯ ಪಕ್ಕಕ್ಕೆ ಹೋಗಿ ಕೂರಲು ಹೊರಟೆ. ದೊಡ್ಡಮ್ಮ ಸೆರಗು ಹಿಡಿದು ಎಳೆದರು.

“ಅಲ್ಲಿ ಬೇಡ. ನಗುವ ಮಗುವಿನ ತಾಯಿಗೆ ಯಾರೂ ಬೇಡ. ಅಗೋ, ಆ ಮೂಲೆಯಲ್ಲಿ ಬೊಬ್ಬೆ ಹೊಡೀತದಲ್ಲ, ಅದರ ಹತ್ತಿರ ಹೋಗು.”

ಮೂಲೆಯಲ್ಲಿ ಕಪ್ಪು ಬುರ್ಖಾದ ಒಬ್ಬಳು ಹುಡುಗಿ. ಅವಳ ಕೈಯಲ್ಲಿ ಊರಿಗೆಲ್ಲ ಕೇಳುವಂತೆ ಅರಚುವ ಒಂದು ಹೆಣ್ಣುಕೂಸು. ಅದಕ್ಕೆ ಇನ್ನೂ ಸೂಜಿ ಕೂಡ ತಾಗಿರಲಿಲ್ಲ! ನಾನು ಹತ್ತಿರ ಹೋಗಿ ನಿಂತದ್ದೇ ತಡ, ಅವಳು ಮುಖ ಕೂಡ ನೋಡದೆ “ಒಂಚೂರು ಹಿಡ್ಕೊಳ್ಳಿ” ಎಂದು ಕೂಸನ್ನು ನನ್ನ ಇನ್ನೊಂದು ಹೆಗಲಿಗೆ ಹಾಕಿ, ಬ್ಯಾಗಿನಲ್ಲಿ ಕಾರ್ಡು ಹುಡುಕತೊಡಗಿದಳು. ಆ ಕೂಸಿನ ಸ್ವರ ಕೇಳಿ ನನ್ನ ಮಗನೂ ಶುರು ಮಾಡಿದ. ಬಲಗಿವಿಗೆ ಒಂದು, ಎಡಗಿವಿಗೆ ಒಂದು. ಬ್ಯಾಗಿನಿಂದ ಬಟ್ಟೆ, ಪೌಡರು, ಅರ್ಧ ತಿಂದ ಬಿಸ್ಕಿಟು, ಟಿವಿಯ ರಿಮೋಟು ಹೊರಗೆ ಬಂದವು. ಕಾರ್ಡು ಬರಲಿಲ್ಲ.

ಅವಳು ರಿಮೋಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. “ಕಾರ್ಡು ಟಿವಿಯ ಮೇಲೆ ಉಂಟು” ಎಂದಳು. ಆಮೇಲೆ ಅಳತೊಡಗಿದಳು.

ನಾನು ನಗಬಾರದಾಗಿತ್ತು. ಆದರೆ ಹಿಂದಿನ ದಿನವೇ ನಾನು ಮಗನ ಹಾಲಿನ ಲೋಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅದನ್ನು ಹೇಳಿದೆ. ಅವಳು ಅಳುತ್ತ ಅಳುತ್ತ ನಕ್ಕಳು. ನಾನು ನಗುತ್ತ ನಗುತ್ತ ಅತ್ತೆ. ಮಕ್ಕಳಿಬ್ಬರೂ ಬೆರಗಾಗಿ ಬಾಯಿ ಮುಚ್ಚಿದವು. ಬೆಂಚಿನ ಮೇಲೆ ದೊಡ್ಡಮ್ಮ, ಮದುವೆ ಮಂಟಪದಲ್ಲಿ ಧಾರೆಯಾದಾಗ ಕೂರುವ ಹಾಗೆ, ಎರಡೂ ಕೈ ಮಡಿಲಲ್ಲಿಟ್ಟು ನೆಟ್ಟಗೆ ಕೂತಿದ್ದರು.

ಅವಳ ಹೆಸರನ್ನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಅವಳಿಗೆ ‘ಬುಧವಾರದವಳು’ ಎಂದೇ ಹೆಸರು. ಬ್ಯಾರಿ ಮನೆ ಮಾತು, ಕನ್ನಡ ಶಾಲೆಯ ಓದು. ರೈಲುಹಳಿಯ ಆಚೆ ಮನೆ. ಆದರೆ ಅವಳು ಅಲ್ಲಿಯೇ ಒಂದು ಮಾತು ಹೇಳಿಬಿಟ್ಟಳು: “ಇನ್ನು ಇವಳಿಗೆ ಇಂಜೆಕ್ಷನ್ ಒಂಬತ್ತು ತಿಂಗಳು ತುಂಬಿದ ಮೇಲೆ. ಅದರವರೆಗೆ ಮನೆಯಿಂದ ಹೊರಡ್ಲಿಕ್ಕೆ ಬೇರೆ ಕಾರಣ ಇಲ್ಲ.” ಮಾವನಿಗೆ ಹುಷಾರಿಲ್ಲ, ಮನೆಕೆಲಸ ಬೆಟ್ಟದಷ್ಟು, ಅತ್ತೆ ಬಿಡುವುದಿಲ್ಲ. ನಾನು ಪೆಚ್ಚಾದೆ. ಇದೂ ಹೋಯಿತು! ನನ್ನ ಓದು ನನಗೆ ಸೂಚಿಸಿದ ಉಪಾಯವೆಂದರೆ ಅವಳ ಫೋನ್ ನಂಬರು ಬರೆದುಕೊಳ್ಳುವುದು.

“ನಂಬರ್ ತಕ್ಕೊಂಡು ಎಂತ ಮಾಡ್ತಿ? ಉಪ್ಪಿನಕಾಯಿಯಾ?” ಎಂದರು ದೊಡ್ಡಮ್ಮ ರಿಕ್ಷಾದಲ್ಲಿ. “ಸೊಸೆಯಂದಿರು ತಾವಾಗಿ ಹೊರಡ್ಲಿಕ್ಕೆ ಆಗ್ತದಾ? ಕೇಳ್ಲಿಕ್ಕೆ ಒಬ್ಬರು ಹೋಗ್ಬೇಕು. ಯಾರೂ ಹೋಗಿ ಕೇಳದಿದ್ರೆ ಯಾವ ಮನೆಯವರೂ ಕಳಿಸುದಿಲ್ಲ.”

ಶನಿವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದಾಗ ಕೈಯಲ್ಲಿ ಹಿತ್ತಾಳೆಯ ಹರಿವಾಣ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ, ಬಾಳೆಹಣ್ಣು. ನಮ್ಮಲ್ಲಿ ಹೆಣ್ಣು ಗೊತ್ತು ಮಾಡುವಾಗ ಎರಡು ಕಡೆಯವರು ಬದಲಿಸಿಕೊಳ್ಳುವ ತಾಂಬೂಲ! “ದೊಡ್ಡಮ್ಮ, ಇದೆಲ್ಲ ಬೇಡ. ಅವರೇನು ಅಂದುಕೊಳ್ಳುತ್ತಾರೋ” ಎಂದು ಅಂಗಲಾಚಿದೆ. ಅವರು ಕೇಳುವವರೇ?

ರೈಲುಹಳಿ ದಾಟಿ, ಆ ಮನೆಯ ಜಗಲಿ ಹತ್ತಿ, ದೊಡ್ಡಮ್ಮ ಹರಿವಾಣವನ್ನು ಮುಂದಿಟ್ಟರು. ಬುಧವಾರದವಳ ಅತ್ತೆ ಹೊರಗೆ ಬಂದರು. ಗಟ್ಟಿಮುಟ್ಟಾದ ಹೆಂಗಸು, ತಲೆಗೆ ಬಿಳಿ ಬಟ್ಟೆ. ಹರಿವಾಣವನ್ನು ನೋಡಿದರು, ರೇಷ್ಮೆ ಸೀರೆಯ ನನ್ನನ್ನು ನೋಡಿದರು, ನನ್ನ ಸೊಂಟದ ಮೇಲಿನ ಮಗುವನ್ನು ನೋಡಿದರು. ಅವರ ಮುಖದಲ್ಲಿ ಗಾಬರಿ.

“ಅಮ್ಮಾ, ನಿಮಗೆ ಮನೆ ತಪ್ಪಿತು. ನಮ್ಮಲ್ಲಿ ಮದುವೆಗೆ ಯಾರೂ ಇಲ್ಲ.”

“ಮದುವೆಗಲ್ಲ” ಎಂದರು ದೊಡ್ಡಮ್ಮ. “ನಿಮ್ಮ ಸೊಸೆಯನ್ನು ನಮ್ಮ ಸೊಸೆಗೆ ಕೇಳ್ಲಿಕ್ಕೆ ಬಂದದ್ದು.”

ಬಾಗಿಲ ಹಿಂದೆ ಬುಧವಾರದವಳು ಕೂಸಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡದ್ದು ನನಗೆ ಕಾಣಿಸುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಅತ್ತೆ ನಗದೆ ಚಾಪೆ ಬಿಡಿಸಿ ಎದುರು ಕೂತರು. ಮಾತುಕತೆಗೇ ಕೂತರು!

“ನಮ್ಮವಳಿಂದ ನಿಮ್ಮವಳಿಗೆ ಎಂತ ಆಗ್ಬೇಕು?”

“ಎಂತದೂ ಬೇಡ. ವಾರಕ್ಕೆ ಒಂದು ದಿನ ಬಂದು ಕೂತ್ರೆ ಸಾಕು. ಬುಧವಾರ. ಒಂದು ವಾರ ನಮ್ಮಲ್ಲಿ, ಒಂದು ವಾರ ನಿಮ್ಮಲ್ಲಿ.”

“ಬುಧವಾರ ಇಂಜೆಕ್ಷನ್ ಅಲ್ವಾ?”

“ಅದೇ. ಇಂಜೆಕ್ಷನ್ ಅಂತಲೇ ಎಣಿಸಿ.”

“ವಾರ ವಾರ ಇಂಜೆಕ್ಷನಾ?”

“ಮಕ್ಕಳಿಗಲ್ಲ” ಎಂದರು ದೊಡ್ಡಮ್ಮ. “ತಾಯಂದಿರಿಗೆ.”

ಆ ಅತ್ತೆ ಒಳಗೆ ತಿರುಗಿ ಬ್ಯಾರಿಯಲ್ಲಿ ಏನೋ ಹೇಳಿದರು. ಚಹಾ ಬರುತ್ತದೆ ಎಂದು ನನಗೆ ಇನ್ನೊಂದು ದಿಗಿಲು. ದೊಡ್ಡಮ್ಮ ಹೊರಗಿನ ಮನೆಯಲ್ಲಿ ನೀರೂ ಮುಟ್ಟುವವರಲ್ಲ. “ಚಹಾ ಬೇಡ, ನಂಗೆ ಗ್ಯಾಸ್” ಎಂದರು ದೊಡ್ಡಮ್ಮ ಮೊದಲೇ. “ನಿಮ್ಮಂಥವರ ಗ್ಯಾಸ್ ನಂಗೆ ಗೊತ್ತುಂಟು” ಎಂದು ಆ ಅತ್ತೆ ಮೊದಲ ಸಲ ನಕ್ಕರು. ಒಳಗಿನಿಂದ ಬಂದದ್ದು ಎಳನೀರು, ಕೆತ್ತದ ಇಡೀ ಬೊಂಡ, ಜೊತೆಗೆ ಕತ್ತಿ. “ನೀವೇ ಕೆತ್ತಿ ಕುಡೀರಿ.” ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಅಂಗಳದಲ್ಲೇ ಕೂತು ಕೆತ್ತಿದರು. ಒಂದನ್ನಲ್ಲ, ಎರಡನ್ನು. ಇನ್ನೊಂದನ್ನು ಆ ಅತ್ತೆಗೆ ಕೊಟ್ಟರು.

ಹೊರಡುವಾಗ ಹರಿವಾಣ ಖಾಲಿಯಾಗಿ ಬರಲಿಲ್ಲ. ತಾಂಬೂಲ ಅಲ್ಲಿ ಉಳಿಯಿತು; ಬದಲಿಗೆ ಅವರ ಹಿತ್ತಲಿನ ಚಿಕ್ಕು ತುಂಬಿತ್ತು. “ಎರಡು ಕಡೆಯವರದ್ದೂ ಆಯ್ತು. ಇನ್ನು ಇದು ಮುರಿಯುವ ಹಾಗಿಲ್ಲ” ಎಂದು ದೊಡ್ಡಮ್ಮ ರೈಲುಹಳಿಯ ಮೇಲೆ ನಿಂತು ಘೋಷಿಸಿದರು.

ಮುರಿಯಲಿಲ್ಲ. ನಾವಿಬ್ಬರೂ ಕೂತು ಗಂಭೀರ ವಿಷಯಗಳನ್ನು ಮಾತಾಡಿರಬಹುದು ಎಂದು ನೀವು ಎಣಿಸಿದರೆ ತಪ್ಪು. ಮೊದಲ ತಿಂಗಳುಗಳಲ್ಲಿ ನಾವು ಮಾತಾಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಒಬ್ಬಳು ಎರಡು ಮಕ್ಕಳನ್ನೂ ನೋಡುವುದು, ಇನ್ನೊಬ್ಬಳು ಚಾಪೆಯ ಮೇಲೆ ಬಿದ್ದುಕೊಳ್ಳುವುದು. ಎದ್ದ ಮೇಲೆ ಸರದಿ ಬದಲು. ಹಾಗೆ ಇನ್ನೊಬ್ಬರ ಕಾವಲಿನಲ್ಲಿ ಮಾಡಿದ ನಿದ್ದೆಯ ರುಚಿ ಈಗ ಎಷ್ಟು ಮೆತ್ತನೆಯ ಹಾಸಿಗೆಯಲ್ಲೂ ಸಿಕ್ಕುವುದಿಲ್ಲ. ದೊಡ್ಡಮ್ಮ ಜಗಲಿಯಲ್ಲಿ ಕೂತು, ಬಂದವರಿಗೆ “ಒಳಗೆ ಹೋಗ್ಬೇಡಿ, ಅವರು ಮಾತಾಡ್ತಾ ಇದ್ದಾರೆ” ಎನ್ನುತ್ತಿದ್ದರು. ಒಳಗಿನಿಂದ ಗೊರಕೆ ಕೇಳುತ್ತಿತ್ತು.

ಈಗ ನನ್ನ ಮಗ, ಅವಳ ಮಗಳು ಒಂದೇ ಶಾಲೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ದಾರಿಯುದ್ದಕ್ಕೂ ಜಗಳವಾಡುತ್ತಾರೆ. ಬುಧವಾರ ತಪ್ಪಿಲ್ಲ. ಹಿರಿಯರಿಬ್ಬರದೂ ಬೇರೆಯೇ ಒಂದು ಬುಧವಾರ ನಡೆಯುತ್ತದೆ. ಅದರಲ್ಲಿ ಎಳನೀರು, ಗ್ಯಾಸು ಮತ್ತು ಸೊಸೆಯಂದಿರ ದೂರು ಮುಖ್ಯ ವಿಷಯಗಳು ಎಂದು ಕೇಳಿದ್ದೇನೆ.

ಮೊನ್ನೆಯೊಂದು ಮಧ್ಯಾಹ್ನ ಜಗಲಿಯಲ್ಲಿ ನಾನು ಮತ್ತು ದೊಡ್ಡಮ್ಮ ಮಾತ್ರ ಇದ್ದೆವು. ಅವರು ಹಪ್ಪಳಕ್ಕೆ ಉಂಡೆ ಕಟ್ಟುತ್ತಿದ್ದರು. ಲಾಟರಿ ಗಾಡಿ ಬಂತು. “ನಾಳೆಯಾಣ್, ನಾಳೆಯಾಣ್.” ನನಗೆ ನಗು ಬಂತು.

“ನೆನಪುಂಟಾ ದೊಡ್ಡಮ್ಮ? ನಾನು ಇದರ ಹತ್ತಿರ ಮಾತಾಡುತ್ತಿದ್ದದ್ದು? ನೀವು ಪತ್ರೊಡೆ ತಂದಿದ್ದಿರಿ.” ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತು ಎತ್ತಿದ್ದೆ.

“ಯಾವ ಗಾಡಿ? ಯಾವ ಪತ್ರೊಡೆ?” ಎಂದರು ಅವರು, ತಲೆ ಎತ್ತದೆ. “ನಂಗೆ ನೆನಪಿಲ್ಲ.”

ನಾನೇ ಕಟ್ಟಿಕೊಂಡ ಕತೆಯೇ ಇದು? ಇರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಉಪ್ಪಳದಿಂದ ಪೈವಳಿಕೆಯವರೆಗಿನ ನಕ್ಷತ್ರಗಳನ್ನೆಲ್ಲ ಬಾಯಲ್ಲಿ ಹೇಳುವ ದೊಡ್ಡಮ್ಮ, ನನ್ನ ಸೀರೆ ನೇರಳೆ ಎಂದು ಇವತ್ತಿಗೂ ಜಗಳವಾಡುವ ದೊಡ್ಡಮ್ಮ, ಅವರಿಗೆ ನೆನಪಿಲ್ಲವೇ? ಉಂಡೆ ಕಟ್ಟುವ ಅವರ ಕೈ ನಿಂತಿತ್ತು. ನನಗೆ ಆ ದಿನದ ಅವರ ಮುಖ ಕಣ್ಣೆದುರು ಬಂತು. ಎಲ್ಲದಕ್ಕೂ ನಗುವವರು ಅಂದು ನಗದೆ ನಿಂತದ್ದು. ಮೈಕಿನ ಜೊತೆ ಮಾತಾಡುವವಳನ್ನು ಕಂಡರೆ ಯಾರಾದರೂ ಡಾಕ್ಟರನ್ನೋ ಮಂತ್ರವಾದಿಯನ್ನೋ ಹುಡುಕುತ್ತಿದ್ದರು. ಇವರು ಒಂದೇ ನೋಟದಲ್ಲಿ ಗೆಳತಿಯನ್ನು ಹುಡುಕಲು ಹೊರಟಿದ್ದರು. ಅದು ಯಾವ ಕಾಯಿಲೆ, ಅದಕ್ಕೆ ಯಾವ ಮದ್ದು ಎಂದು ಅವರಿಗೆ ಹೇಳಿಕೊಟ್ಟವರು ಯಾರು? ‘ಕೇಳ್ಲಿಕ್ಕೆ ಒಬ್ಬರು ಹೋಗ್ಬೇಕು’ ಎಂದಿದ್ದರಲ್ಲ ರಿಕ್ಷಾದಲ್ಲಿ. ಇವರೂ ಒಂದು ಕಾಲಕ್ಕೆ ಇದೇ ಊರಿಗೆ ಸೊಸೆಯಾಗಿ ಬಂದು, ಬಾಣಂತನ ಮುಗಿಸಿ ನಾಲ್ಕು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ತವರಿನಿಂದ ಮರಳಿದವರು. ಆಗ ಈ ರಸ್ತೆಯಲ್ಲಿ ಲಾಟರಿ ಗಾಡಿಯೂ ಇರಲಿಲ್ಲ.

ನಾನು ಕೇಳಿದೆ. ಅವರು ರಸ್ತೆಯ ಕಡೆ ನೋಡಿದರು. ಆಮೇಲೆ “ಹಾಲು ಉಕ್ಕಿತು, ನೋಡು” ಎಂದರು. ಒಳಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಹೊರಗೆ ಬಂದರೆ, ಅವರು ಹಪ್ಪಳದ ಹಿಟ್ಟಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ನನಗೆ ಕೂರಲು ಜಾಗ ಮಾಡಿಟ್ಟಿದ್ದರು. ಹೋಗಿ ಒತ್ತಿಕೊಂಡು ಕೂತೆ. ಅವರು ಕೈಗೆ ಒಂದು ಉಂಡೆ ಹಿಟ್ಟು ಕೊಟ್ಟರು. ಇಬ್ಬರೂ ಕಟ್ಟುತ್ತ ಕೂತೆವು.

ಅದಾದ ಮೇಲೂ ಬುಧವಾರಗಳು ಬಂದು ಹೋಗುತ್ತಿವೆ. ನನ್ನ ಪ್ರಶ್ನೆ ಇನ್ನೂ ಆ ಜಗಲಿಯಲ್ಲೇ ಇದೆ:

“ನೀವು ಯಾರ ಹತ್ತಿರ ಮಾತಾಡ್ತಿದ್ದಿರಿ, ದೊಡ್ಡಮ್ಮ?”